ಅರಸು ಚಿತ್ರಕ್ಕೆ ಮಾಲೆ ಹಾಕಿದ್ದು ಸಾಕು, ಕಡತ ತೆರೆಯಿರಿ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,
ಕರ್ನಾಟಕ ಸರಕಾರ, ಬೆಂಗಳೂರು

ಪ್ರತಿ: ಜಿಲ್ಲಾಧಿಕಾರಿಗಳು, ಉಡುಪಿ ಮತ್ತು ದಕ್ಷಿಣ ಕನ್ನಡ

ವಿಷಯ: ಡಿ. ದೇವರಾಜ ಅರಸು ಜನ್ಮದಿನಾಚರಣೆ ಹಾಗೂ ಕರಾವಳಿಯ ಭೂನ್ಯಾಯ ಮಂಡಳಿ ಕಡತಗಳ ಬಗ್ಗೆ.

ಮಾನ್ಯರೇ,

ಪ್ರತಿವರ್ಷ ಆಗಸ್ಟ್ 20ಕ್ಕೆ ಉಡುಪಿಯಲ್ಲೂ ಮಂಗಳೂರಿನಲ್ಲೂ ದೇವರಾಜ ಅರಸು ಅವರ ಜನ್ಮದಿನ ಆಚರಿಸುತ್ತೀರಿ. ಭಾವಚಿತ್ರಕ್ಕೆ ಮಾಲೆ, ದೀಪ ಬೆಳಗುವುದು, 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯ ಸುತ್ತ ಒಂದು ಉದ್ದದ ಉಪನ್ಯಾಸ, ಹಾಸ್ಟೆಲ್ ಮಕ್ಕಳಿಗೆ ಬಹುಮಾನ, ವಂದನಾರ್ಪಣೆ. ಸಭೆಯ ಒಳಗೆ ಅರಸು ಬಡವರ ಪಾಲಿನ ದೇವರು. ಸಭೆ ಮುಗಿದು ಹೊರಗೆ ಚಾ ಕುಡಿಯುವಾಗ ಕೇಳಿಬರುವ ಅರಸು ಬೇರೆಯೇ: ಎಮರ್ಜೆನ್ಸಿಯಲ್ಲಿ ಇಂದಿರಾ ಗಾಂಧಿಯ ಬಲಗೈ, ಭ್ರಷ್ಟ, 'ನಮ್ಮಜ್ಜನ ಜಾಗ ನುಂಗಿದವ'. ಈ ಇಬ್ಬರು ಅರಸುಗಳ ಬಗ್ಗೆ ಒಂದೇ ಮೈಕಿನಲ್ಲಿ ಮಾತನಾಡಿದವರನ್ನು ನಾನಂತೂ ಕಂಡಿಲ್ಲ.

ನಾನು ಉಡುಪಿಯಲ್ಲಿ ದಸ್ತಾವೇಜು ಬರಹಗಾರ. ಪಾಲುಪಟ್ಟಿ, ಹಕ್ಕು ಬಿಡುಗಡೆ, ದಾನಪತ್ರ, ಕ್ರಯಪತ್ರ ಬರೆಯುವುದು ನನ್ನ ಹೊಟ್ಟೆಪಾಡು. ಆದ್ದರಿಂದ ಅರಸು ಅವರ ಹೆಸರು ನನಗೆ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ. 'ಇದು ಡಿಕ್ಲರೇಶನಿನಲ್ಲಿ (ಭೂಸುಧಾರಣೆಯಲ್ಲಿ ಗೇಣಿದಾರನಿಗೆ) ಬಂದ ಜಾಗ' ಎನ್ನುತ್ತಾ ಯಾರಾದರೂ ಎದುರು ಕೂರದ ದಿನ ಕಡಿಮೆ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರು ಹೊರಬರುತ್ತದೆ. ಅದರೊಳಗೆ ನಾಲ್ಕು ಮಡಿಕೆಯ ನಮೂನೆ 10, ಗೇಣಿದಾರನಿಗೆ ಜಾಗದ ಹಕ್ಕು ಬಂತು ಎನ್ನುವ ಪ್ರಮಾಣಪತ್ರ. ಟೈಪ್‌ರೈಟರಿನ ಅಕ್ಷರ, ತಹಶೀಲ್ದಾರರ ಮಾಸಿದ ಮೊಹರು, ಮಡಿಕೆಯಲ್ಲಿ ಹರಿದದ್ದಕ್ಕೆ ಹಿಂದಿನಿಂದ ಅಂಟಿಸಿದ ಸೆಲ್ಲೋ ಟೇಪು. ಈ ಕಾಗದವನ್ನು ಮೇಜಿನ ಮೇಲೆ ಇಡುವಾಗ ಎಷ್ಟೋ ಮಂದಿ ಎರಡೂ ಕೈ ಬಳಸುತ್ತಾರೆ.

ಯಾಕೆ ಎಂದು ಹೊರಜಿಲ್ಲೆಯವರಿಗೆ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಗದ್ದೆ ಒಬ್ಬರದು, ಬೇಸಾಯ ಇನ್ನೊಬ್ಬರದು. ಮೂಲಗೇಣಿಯವನಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವನಿಗೆ ಧನಿ 'ಏಳು' ಎಂದರೆ ಏಳುವುದೊಂದೇ ದಾರಿ. ಕೊಯ್ಲು ಮುಗಿದ ಮೇಲೆ ಗೇಣಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಹೊತ್ತುಕೊಂಡು ಹೋಗಿ ಧನಿಯ ಚಾವಡಿಗೆ ಮುಟ್ಟಿಸಬೇಕಿತ್ತು. ಮುಡಿಗೆ 42 ಸೇರು. ಅದರ ಜೊತೆ ಬಾಳೆಗೊನೆಯೋ ಸೌತೆಕಾಯಿಯೋ. ಮಳೆ ಕೈಕೊಟ್ಟ ವರ್ಷವೂ ಅಳತೆ ತಪ್ಪುವಂತಿಲ್ಲ. ತಪ್ಪಿದರೆ ಬಾಕಿ ಮರುವರ್ಷದ ಲೆಕ್ಕಕ್ಕೆ ಏರುತ್ತದೆ. ನನ್ನ ಅಜ್ಜನೂ ಹಾಗೆ ಹೊತ್ತವರೇ. ಮನೆಯಲ್ಲಿ ಕಟ್ಟಿದ ಮುಡಿ ಧನಿಯ ಮನೆಯಲ್ಲಿ ಬಿಚ್ಚುವಾಗ ಎರಡು ಸೇರು ಕಡಿಮೆಯಾಗುವ ಚಮತ್ಕಾರವನ್ನು ಅಜ್ಜಿ ಕಡೆಯವರೆಗೂ ಹೇಳುತ್ತಿದ್ದರು.

1961ರ ಭೂಸುಧಾರಣಾ ಕಾಯಿದೆಯೂ ಇತ್ತು. ಆದರೆ ಅದರಲ್ಲಿ ಸಂದುಗೊಂದು ಎಷ್ಟಿತ್ತೆಂದರೆ, ಸ್ವಂತ ಬೇಸಾಯಕ್ಕೆ ಬೇಕು ಎಂದು ಹೇಳಿ ಒಕ್ಕಲನ್ನು ಎಬ್ಬಿಸಲು ಧನಿಗಳಿಗೇ ದಾರಿಯಾಯಿತು. ಅರಸು ಸರಕಾರದ ತಿದ್ದುಪಡಿ ಬಂದು, 1974ರ ಮಾರ್ಚ್ 1ರಿಂದ ಗೇಣಿಯ ಜಾಗವೆಲ್ಲ ಸರಕಾರಕ್ಕೆ ಸೇರಿತು ಎಂದಿತು. ಒಕ್ಕಲು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲೂಕಿನ ಭೂನ್ಯಾಯ ಮಂಡಳಿ ತೀರ್ಮಾನಿಸಬೇಕು. ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ನಾಲ್ಕು ಮಂದಿ ನಾಮನಿರ್ದೇಶಿತರು, ಅವರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕು. ಮೊದಲಿಗೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ವಕೀಲರಿಗೆ ದುಡ್ಡು ಸುರಿಯುವ ಶಕ್ತಿ ಯಾರಿಗಿತ್ತು ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿ ಬಿದ್ದವು, ಅದರಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಪಾಲು ದೊಡ್ಡದು.

ಇದನ್ನು ಅರಸು ಒಬ್ಬರೇ ಮಾಡಿದರು ಎನ್ನುವುದು ಭಾಷಣದ ಮಾತು. ಕಾನೂನಿಗೆ ಮೊದಲೇ ಬಿ.ವಿ. ಕಕ್ಕಿಲ್ಲಾಯರಂಥವರು ಇಲ್ಲಿ ಗೇಣಿದಾರರನ್ನು ಸಂಘಟಿಸಿದ್ದರು. ಘಟ್ಟದ ಮೇಲೆ ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆದು ಎರಡು ದಶಕ ಕಳೆದಿತ್ತು. ಅರಸು ಸಂಪುಟದಲ್ಲಿ ಭೂಸುಧಾರಣೆಯ ಹೊಣೆ ಹೊತ್ತ ಬಿ. ಸುಬ್ಬಯ್ಯ ಶೆಟ್ಟರು ನಮ್ಮ ಸುರತ್ಕಲ್ ಕಡೆಯವರು. ಆದರೂ ಅಂಥ ಕಾನೂನನ್ನು ಸದನದಲ್ಲಿ ಪಾಸು ಮಾಡಿಸಿ, ತಮ್ಮದೇ ಪಕ್ಷದ ಜಮೀನುದಾರರನ್ನು ಎದುರು ಹಾಕಿಕೊಂಡು ಹಳ್ಳಿಯವರೆಗೆ ಮುಟ್ಟಿಸಿದ್ದು ಅರಸು. ಆ ಹೆಗ್ಗಳಿಕೆಯನ್ನು ಯಾರೂ ಕಸಿಯಲಾಗದು. ನಮ್ಮಲ್ಲಿ ಹೆಂಚಿನ ಮನೆ ಎದ್ದದ್ದು, ಹೆಣ್ಣುಮಕ್ಕಳು ಹೈಸ್ಕೂಲು ದಾಟಿದ್ದು, ಜಾಗ ಅಡವಿಟ್ಟು ಮಗನನ್ನು ಮುಂಬೈಗೋ ಗಲ್ಫಿಗೋ ಕಳಿಸಿದ್ದು, ಎಲ್ಲದರ ಹಿಂದೆಯೂ ನಾನು ಹೇಳಿದ ಆ ಹರಿದ ಕಾಗದವಿದೆ. (ಆ ಮನೆಗಳ ಮಕ್ಕಳು ಬೆಳೆದು ಯಾವ ಪಕ್ಷಕ್ಕೆ ಓಟು ಹಾಕಿದರು ಎಂಬುದು ಬೇರೆಯೇ ಕಥೆ. ಜಾಗ ಕೊಟ್ಟವನಿಗೆ ವಂಶಪಾರಂಪರ್ಯವಾಗಿ ಓಟು ಕೊಡಬೇಕೆಂದು ಕಾನೂನಿನಲ್ಲಿ ಬರೆದಿಲ್ಲವಲ್ಲ.)

ಇಷ್ಟು ನಿಮ್ಮ ಸಭೆಯಲ್ಲಿ ಹೇಳುವುದೇ. ಹೇಳದ್ದು ಇನ್ನು ಮುಂದೆ ಇದೆ.

ಉಳುವವನಿಗೆ ಜಾಗ ಎಂದರು, ನಿಜ. ಆದರೆ ಕಾಯಿದೆಯ ಕಣ್ಣಿಗೆ ಬಿದ್ದ ಉಳುವವನು ಗೇಣಿದಾರ. ಅವನ ಗದ್ದೆಯಲ್ಲಿ ನೇಜಿ ನೆಟ್ಟವರು, ಕೋಣ ಕಟ್ಟಿದವರು, ತಲೆತಲಾಂತರದಿಂದ ಮೂಲದ ಆಳುಗಳಾಗಿ ದುಡಿದವರು ಗೇಣಿದಾರರಲ್ಲ, ಕೂಲಿಯವರು. ಅವರಿಗೆ ನಮೂನೆ 7 ಇಲ್ಲ. ಹೆಚ್ಚೆಂದರೆ ಗುಡಿಸಲಿನ ಅಡಿಸ್ಥಳ, ಅದೂ ಕೇಳಿದವರಿಗೆ, ಕೇಳಲು ಧೈರ್ಯ ಇದ್ದವರಿಗೆ. ಒಕ್ಕಲು ಧನಿಯಾದ, ಒಕ್ಕಲಿನ ಆಳು ಆಳಾಗಿಯೇ ಉಳಿದ. ಹೊಸ ಧನಿ ಹಳೆಯ ಧನಿಗಿಂತ ಮೃದು ಇದ್ದ ಎಂದು ಹೇಳಲು ನನ್ನಲ್ಲಿ ಪುರಾವೆ ಇಲ್ಲ. ಜಾಗ ತನ್ನದಾದ ಕೂಡಲೇ ಗುಡಿಸಲನ್ನು ತೋಟದ ನಡುವಿನಿಂದ ತೋಡಿನ ಕರೆಗೆ ಸರಿಸಿದ ಉದಾಹರಣೆ ನಮ್ಮ ಗ್ರಾಮದಲ್ಲೇ ಇದೆ. ಕೊರಗ ಬುಡಕಟ್ಟಿನ ಕುಟುಂಬಗಳಿಗೆ ತಲಾ ಎರಡೂವರೆ ಎಕರೆ ಕೊಡಿ ಎಂದು ಡಾ. ಮಹಮ್ಮದ್ ಪೀರ್ ವರದಿ ಹೇಳಿದ್ದು 1994ರಲ್ಲಿ. ಅದಕ್ಕಾಗಿ ಇಂದೂ ಉಡುಪಿ, ಮಂಗಳೂರಿನ ಕಚೇರಿಗಳ ಎದುರು ಧರಣಿ ನಡೆಯುತ್ತದೆ. ಅರಸು ಜಯಂತಿಯ ದಿನ ಹೊರಗೆ ನಿಲ್ಲುವವರು ಈ ಜನ. ಇವರ ಮೊಮ್ಮಕ್ಕಳು ಸರಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿಸುವ 94ಸಿ ಅರ್ಜಿ ಹಿಡಿದು ನಾಡಕಚೇರಿಯ ಸಾಲಿನಲ್ಲಿದ್ದಾರೆ.

ಕಳೆದುಕೊಂಡವರ ಮಾತಿಗೆ ಬರುತ್ತೇನೆ. ನೂರಾರು ಮುಡಿ ಗೇಣಿ ಬರುತ್ತಿದ್ದ ಗುತ್ತುಬೀಡುಗಳಿಗಾಗಿ ನಾನು ಕಣ್ಣೀರು ಹಾಕುವುದಿಲ್ಲ. ಆದರೆ ಇದ್ದ ಒಂದೆಕರೆಯನ್ನು ಗೇಣಿಗೆ ಕೊಟ್ಟು ಆ ಅಕ್ಕಿಯಲ್ಲೇ ಜೀವ ಹಿಡಿದಿದ್ದ ವಿಧವೆಯೂ 'ಭೂಮಾಲಿಕಳು'. ಸೈನಿಕರು ಮತ್ತು ನಾವಿಕರಿಗೆ ಇದ್ದ ವಿನಾಯಿತಿ ಅವಳಿಗೆ ಇರಲಿಲ್ಲ. ಪರಿಹಾರದ ದುಡ್ಡು ಕಂತಿನಲ್ಲಿ, ಬಾಂಡಿನಲ್ಲಿ, ವರ್ಷಗಳ ಮೇಲೆ ಬಂದಿತು; ಕೆಲವರಿಗೆ ಅದನ್ನು ತರಲು ಹೋದ ಬಸ್ಸಿನ ಖರ್ಚೂ ಹುಟ್ಟಲಿಲ್ಲ. ಸಣ್ಣ ದೇವಸ್ಥಾನಗಳ ಉಂಬಳಿ ಹೋಗಿ ಸರಕಾರ ವರ್ಷಕ್ಕೆ ಕೊಡುವ ತಸ್ತೀಕು ಹಣ ಮಾತ್ರ ಉಳಿಯಿತು, ಅದರಲ್ಲಿ ನಿತ್ಯದ ಎಣ್ಣೆಬತ್ತಿಗೂ ಕಷ್ಟ. ಅತ್ತ ಘಟ್ಟದ ಮೇಲಿನ ಕಾಫಿ, ಏಲಕ್ಕಿ, ರಬ್ಬರ್ ತೋಟಗಳನ್ನು ಪ್ಲಾಂಟೇಶನ್ ಎಂದು ಕಾಯಿದೆ ಭೂಮಿತಿಯಿಂದ ಹೊರಗಿಟ್ಟಿತು. ನಮ್ಮ ಬದಿಯ ಅಡಿಕೆ ತೋಟಕ್ಕೆ ಆ ರಕ್ಷಣೆ ಸಿಗಲಿಲ್ಲ. ಒಂದೆಕರೆಯ ವಿಧವೆಗೆ ಇಲ್ಲದ ದಯೆ ನೂರು ಎಕರೆಯ ಎಸ್ಟೇಟಿಗೆ ಯಾಕೆ ಎಂದು ಕೇಳಿದರೆ, ಅರಸು ಭಕ್ತರಲ್ಲಿ ಉತ್ತರ ಇಲ್ಲ.

ಇನ್ನೊಂದು ಲೋಪವಂತೂ ಪ್ರತಿದಿನ ನನ್ನ ಮೇಜಿನ ಮೇಲೇ ಬಂದು ಕೂರುತ್ತದೆ. ನಮ್ಮದು ಅಳಿಯಕಟ್ಟಿನ ಊರು. ಜಾಗ ಕುಟುಂಬದ್ದು, ಕುಟುಂಬ ನಡೆಯುವುದು ಹೆಣ್ಣಿನ ಕವರಿನಲ್ಲಿ, ಅಂದರೆ ತಾಯಿಯ ಕಡೆಯ ಕವಲಿನಲ್ಲಿ. ಗೇಣಿಗೆ ದುಡಿದದ್ದು ಅಕ್ಕ, ತಂಗಿ, ಮಾವ, ಅಳಿಯಂದಿರೆಲ್ಲ ಸೇರಿ. ಆದರೆ ನಮೂನೆ 7ಕ್ಕೆ ಹೆಬ್ಬೆಟ್ಟು ಒತ್ತಿದವ ಸಾಮಾನ್ಯವಾಗಿ ಮನೆಯ ಗಂಡಸು, ಯಜಮಾನನೋ ಕಚೇರಿ ವ್ಯವಹಾರ ಬಲ್ಲ ಅವನ ಅಳಿಯನೋ. 'ಕುಟುಂಬದ ಪರವಾಗಿ' ಎಂಬ ಒಂದು ಮಾತನ್ನು ಮಂಡಳಿಯ ಗುಮಾಸ್ತ ಸೇರಿಸಿದ್ದರೆ ಎಲ್ಲರಿಗೂ ಪಾಲು. ಬಿಟ್ಟಿದ್ದರೆ ಐವತ್ತು ವರ್ಷದ ವ್ಯಾಜ್ಯ. ಗದ್ದೆಯಲ್ಲಿ ಸೊಂಟ ಮುರಿದ ಅಕ್ಕನ ಮಕ್ಕಳು ಇವತ್ತು ಕೋರ್ಟಿನಲ್ಲಿ ಗೇಣಿ ಯಾರದ್ದಿತ್ತು ಎಂದು ಸಾಬೀತು ಮಾಡಬೇಕು. ತಾಯಿಯ ಕಡೆಯಿಂದ ಬರುತ್ತಿದ್ದ ಹಕ್ಕು ಒಂದು ನಮೂನೆಯಲ್ಲಿ ಗಂಡಿನ ಕಡೆಗೆ ತಿರುಗಿತು. ಅದಕ್ಕೆ ಸದನದಲ್ಲಿ ಚರ್ಚೆ ಬೇಕಾಗಲಿಲ್ಲ, ಟೈಪ್‌ರೈಟರ್ ಸಾಕಾಯಿತು.

ಈಗ ಎಮರ್ಜೆನ್ಸಿ. ಅರಸು ಆ ಕಾಲದ ಮುಖ್ಯಮಂತ್ರಿ, ಇಂದಿರಾ ಅವರ ನೆಚ್ಚಿನವರು. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು 1975ರ ಜೂನ್ ಕೊನೆಗೆ ಬಂಧಿಸಿ ಅಲ್ಲಿಯ ಸೆಂಟ್ರಲ್ ಜೈಲಿಗೆ ಕಳಿಸಲಾಯಿತು. ಅಸ್ತಮಾದಿಂದ ನರಳುತ್ತಿದ್ದ ನಟಿ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಅದೇ ಜೈಲಿನಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಮಂಗಳೂರಿನವರಿಗೆ ಇನ್ನೂ ಹತ್ತಿರದ ಹೆಸರೊಂದಿದೆ. ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದಾಗ, ಅವರ ಸುಳಿವಿಗಾಗಿ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನ ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಆ ಪೊಲೀಸರು ದಿಲ್ಲಿಯವರಲ್ಲ, ಕರ್ನಾಟಕದವರು. ಮುಖ್ಯಮಂತ್ರಿ ದೇವರಾಜ ಅರಸು. ಉತ್ತರದ ರಾಜ್ಯಗಳಷ್ಟು ಕ್ರೌರ್ಯ ಇಲ್ಲಿ ನಡೆಯಲಿಲ್ಲ ಎಂಬ ಸಮಾಧಾನದ ಮಾತನ್ನು ತುಂಬ ಕೇಳಿದ್ದೇನೆ. ಲಾರೆನ್ಸರ ಕಾಲಿಗೆ ಆ ಹೋಲಿಕೆಯಿಂದ ಏನೂ ಗುಣವಾಗಲಿಲ್ಲ.

ಇದರ ಜೊತೆಗೆ ನಮ್ಮ ಜಿಲ್ಲೆಯಲ್ಲಿ ಓಡಾಡುವ ಒಂದು ವಾದವಿದೆ: 'ಎಮರ್ಜೆನ್ಸಿ ಇಲ್ಲದಿದ್ದರೆ ಧನಿಗಳು ಜಾಗ ಬಿಡುತ್ತಿದ್ದರಾ ಮಾರಾಯ್ರೆ? ಒಳ್ಳೆ ಕೆಲಸ ಆಗಬೇಕಿದ್ದರೆ ದೊಣ್ಣೆ ಬೇಕು.' ಹೇಳುವವರಲ್ಲಿ ಹೆಚ್ಚಿನವರು ಡಿಕ್ಲರೇಶನ್ ಜಾಗದ ಮಕ್ಕಳೇ. ನನಗೆ ಈ ವಾದ ಸುತರಾಂ ಒಪ್ಪಿಗೆಯಿಲ್ಲ. ತಾರೀಖು ನೋಡಿದರೆ ಸಾಕು. ತಿದ್ದುಪಡಿ ಜಾರಿಗೆ ಬಂದಾಗ ಎಮರ್ಜೆನ್ಸಿಗೆ ಇನ್ನೂ ವರ್ಷದ ಮೇಲಿತ್ತು. ಎಮರ್ಜೆನ್ಸಿ ಮುಗಿದದ್ದು 1977ರ ಮಾರ್ಚ್. ನಮೂನೆ 7 ಹಾಕುವ ಗಡುವನ್ನು 1979ರ ಜೂನ್ 30ರವರೆಗೆ ವಿಸ್ತರಿಸಿದರು. ಆ ಹೊತ್ತಿಗೆ ಜನತಾ ಪಕ್ಷ ದಿಲ್ಲಿಯಲ್ಲಿತ್ತು, ಪತ್ರಿಕೆಗಳಿಗೆ ಸೆನ್ಸಾರ್ ಇರಲಿಲ್ಲ, ಅರಸು 1978ರಲ್ಲಿ ಬಹಿರಂಗ ಚುನಾವಣೆ ಗೆದ್ದು ಮತ್ತೆ ಮುಖ್ಯಮಂತ್ರಿಯಾಗಿದ್ದರು. ಮಂಡಳಿಗಳು ಎಂಬತ್ತರ ದಶಕದಲ್ಲೂ ಕೂತವು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಅದು ಹೆದರಿಕೆಯ ಓಟಲ್ಲ. ಜೈಲು ತುಂಬಿಸದೆಯೂ ಭೂಸುಧಾರಣೆ ಆಗುತ್ತಿತ್ತು, ಆಯಿತು ಕೂಡ. ಹಾಗಾಗಿ ಒಂದರ ಪುಣ್ಯದಿಂದ ಇನ್ನೊಂದರ ಪಾಪ ತೊಳೆಯಲು ಬರುವುದಿಲ್ಲ. ಎಮರ್ಜೆನ್ಸಿಯ ಹೆಸರು ಹೇಳಿ ಭೂಸುಧಾರಣೆಯನ್ನೇ ಲೂಟಿ ಎನ್ನುವವರಿಗೂ ನನ್ನದು ಇದೇ ಉತ್ತರ.

ಭ್ರಷ್ಟಾಚಾರದ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಕೇಂದ್ರ ನೇಮಿಸಿದ ಗ್ರೋವರ್ ಆಯೋಗದ ಉದ್ದೇಶ ರಾಜಕೀಯದ್ದೇ ಇರಬಹುದು. ಆದರೂ ಕೆಲವು ಆರೋಪಗಳಲ್ಲಿ ಅದು ಅರಸು ಅವರನ್ನು ತಪ್ಪಿತಸ್ಥರೆಂದಿತು. ಹಿಂದುಳಿದ ವರ್ಗಗಳ ಹಾವನೂರು ಆಯೋಗದ ಹೆಸರನ್ನು ಹತ್ತು ಸಲ ಹೇಳುವ ಉಪನ್ಯಾಸಕರು ಗ್ರೋವರ್ ಹೆಸರನ್ನು ಒಮ್ಮೆಯಾದರೂ ಹೇಳಬೇಕು.

ಮಾನ್ಯರೇ, ಇಷ್ಟೆಲ್ಲ ಬರೆಯಲು ಕಾರಣವಾದ ಸಂಗತಿ ಬೇರೆ. ಕೆಲವು ತಿಂಗಳ ಹಿಂದೆ ವಯಸ್ಸಾದ ಹೆಂಗಸೊಬ್ಬರು ಮೊಮ್ಮಗಳ ಜೊತೆ ಬಂದರು. ಅವರ ತಾಯಿ ಹಾಕಿದ್ದ ನಮೂನೆ 7 ಏನಾಯಿತು ಎಂದು ತಿಳಿಯಬೇಕಿತ್ತು. ತಾಯಿ ಆ ಕಾಲದಲ್ಲಿ ತನ್ನ ಹೆಸರಿನಲ್ಲೇ ಅರ್ಜಿ ಹಾಕಿದ ಗಟ್ಟಿಗಿತ್ತಿ, ಅಪರೂಪ. ಸ್ವೀಕೃತಿ ಚೀಟಿ ಇತ್ತು. ಎಲ್.ಆರ್.ಟಿ. ನಂಬರು, ಅಂದರೆ ಮಂಡಳಿಯ ಪ್ರಕರಣದ ಸಂಖ್ಯೆ, ಪೆನ್ಸಿಲಿನಲ್ಲಿ ಬರೆದದ್ದು ಮಸುಕಾಗಿಯಾದರೂ ಓದಲು ಬರುತ್ತಿತ್ತು. ನಾನು ಅರ್ಜಿ ಬರೆದುಕೊಟ್ಟೆ. ಜಿಲ್ಲೆಯ ಒಂದು ತಾಲೂಕು ಕಚೇರಿಯಿಂದ ಹಿಂಬರಹ ಬಂತು: ಕಡತ ಲಭ್ಯವಿಲ್ಲ, ಇನ್ನೊಂದು ಕಚೇರಿಗೆ ವರ್ಗಾವಣೆಯಾಗಿರಬಹುದು. ಆ ಇನ್ನೊಂದು ಕಚೇರಿ ಮೊದಲಿನ ಕಚೇರಿಯಲ್ಲೇ ವಿಚಾರಿಸಲು ತಿಳಿಸಿತು. 1997ರಲ್ಲಿ ಉಡುಪಿ ಜಿಲ್ಲೆಯಾದಾಗ ಕಡತಗಳು ಒಮ್ಮೆ ಪ್ರಯಾಣ ಮಾಡಿದವು. ಬ್ರಹ್ಮಾವರ, ಕಾಪು, ಹೆಬ್ರಿ, ಬೈಂದೂರು ತಾಲೂಕುಗಳಾದಾಗ ಇನ್ನೊಮ್ಮೆ. ಪ್ರತಿ ಪ್ರಯಾಣದಲ್ಲೂ ಒಂದಷ್ಟು ಕಟ್ಟು ಎಲ್ಲಿಯೋ ಇಳಿದುಹೋಗಿವೆ. ಅರ್ಜಿ ವಜಾ ಆಗಿದ್ದರೆ ಯಾಕೆ ವಜಾ ಆಯಿತು, ತಾಯಿ ಮಂಡಳಿಯ ಎದುರು ಏನು ಹೇಳಿಕೆ ಕೊಟ್ಟಿದ್ದಳು ಎಂಬುದಾದರೂ ತಿಳಿಯಲಿ ಎಂದರು ಆ ಹೆಂಗಸು. 'ಜಾಗ ಬೇಡ ಮಗಾ. ಅಮ್ಮ ಏನು ಹೇಳಿದ್ರು ಅಂತ ಓದಿ ಹೇಳಿದ್ರೆ ಸಾಕು' ಎಂದರು. ಮೊಮ್ಮಗಳು ಮಾತ್ರ ಜಾಗವೂ ಬೇಕು ಎಂದಳು. ನಾನು ಮೊಮ್ಮಗಳ ಪಕ್ಷ.

ಅರಸು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆಯ ಸಾಕ್ಷ್ಯ ಪೂರ್ತಿ ಆ ಕಟ್ಟುಗಳಲ್ಲಿದೆ. ಯಾರಿಗೆ ಸಿಕ್ಕಿತು, ಯಾವ ಜಾತಿಗೆ ಎಷ್ಟು, ಎಷ್ಟು ಹೆಂಗಸರ ಹೆಸರಿಗೆ, 'ಅರ್ಜಿದಾರರು ಗೈರು' ಎಂಬ ಒಂದೇ ಸಾಲಿನಲ್ಲಿ ಎಷ್ಟು ಅರ್ಜಿ ವಜಾ ಆದವು, ಎಷ್ಟು ಕಡೆ ಧನಿಯೇ ತನ್ನ ಬೇನಾಮಿ ಒಕ್ಕಲನ್ನು ನಿಲ್ಲಿಸಿದ, ಎಲ್ಲವೂ. ಅದನ್ನು ಗೆದ್ದಲಿಗೆ ಬಿಟ್ಟು ಫೋಟೋಕ್ಕೆ ಮಾಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳು. ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ನಿಮ್ಮ ಭೂ ಸುರಕ್ಷಾ ಯೋಜನೆಯಲ್ಲಿ ಎರಡೂ ಜಿಲ್ಲೆಗಳ ಭೂನ್ಯಾಯ ಮಂಡಳಿ ಕಡತಗಳಿಗೆ ಮೊದಲ ಸರದಿ ಕೊಡಿ. ಮಂಜೂರಾದವು ಮಾತ್ರವಲ್ಲ, ವಜಾ ಆದವೂ ಬೇಕು. ಆದೇಶದ ಹಾಳೆ ಮಾತ್ರವಲ್ಲ, ಹೇಳಿಕೆ ಮತ್ತು ಸ್ಥಳತನಿಖೆಯ ಹಾಳೆಗಳೂ ಬೇಕು. ಸಿಗದ ಕಡತಗಳ ಪಟ್ಟಿಯನ್ನು ತಾಲೂಕುವಾರು ಹೊರಡಿಸಿ. ಜನರ ಹತ್ತಿರ ನಕಲು ಇದೆ, ಕೇಳಿದರೆ ತಂದುಕೊಡುತ್ತಾರೆ. ಹೈಕೋರ್ಟಿನಿಂದ ಮರುವಿಚಾರಣೆಗೆ ವಾಪಸಾಗಿ ಇಂದಿಗೂ ಕೂತಿರುವ ಪ್ರಕರಣಗಳಿಗೆ ಮಂಡಳಿ ತಿಂಗಳಿಗೊಮ್ಮೆಯಾದರೂ ಕೂರಲಿ. ಸದಸ್ಯರ ನೇಮಕ ಆಗಿಲ್ಲ ಎಂಬ ಕಾರಣಕ್ಕೆ ಇನ್ನೊಂದು ತಲೆಮಾರು ಸಾಯುವುದು ಬೇಡ. ಪೀರ್ ವರದಿಯ ಎರಡೂವರೆ ಎಕರೆಯಲ್ಲಿ ಇದುವರೆಗೆ ಎಷ್ಟು ಕುಟುಂಬಕ್ಕೆ ಎಷ್ಟು ಸೆಂಟ್ಸ್ ಮುಟ್ಟಿದೆ ಎಂಬ ಲೆಕ್ಕವನ್ನು ಮುಂದಿನ ಅರಸು ಜಯಂತಿಯ ವೇದಿಕೆಯಲ್ಲೇ ಜಿಲ್ಲಾಧಿಕಾರಿಗಳು ಓದಲಿ. ಅದೇ ವೇದಿಕೆಗೆ ಎಮರ್ಜೆನ್ಸಿಯಲ್ಲಿ ಜೈಲು ಕಂಡವರನ್ನೂ ಕರೆಯಿರಿ, ಜಾಗ ಕಳೆದುಕೊಂಡ ಸಣ್ಣ ಹಿಡುವಳಿದಾರರ ಮನೆಯವರನ್ನೂ ಕರೆಯಿರಿ. ಬೈದರೆ ಬೈಯಲಿ. ಅರಸು ಬದುಕಿದ್ದಾಗ ಇದಕ್ಕಿಂತ ಹೆಚ್ಚು ಬೈಗುಳ ತಿಂದವರು.

ಕೊನೆಯದಾಗಿ 2020ರ ತಿದ್ದುಪಡಿ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ 79ಎ ಮತ್ತು 79ಬಿ ಕಲಂಗಳನ್ನು ಆಗ ತೆಗೆದುಹಾಕಲಾಯಿತು. ಅದರ ಫಲವನ್ನು ದಿನವೂ ನೋಡುತ್ತೇನೆ: ಡಿಕ್ಲರೇಶನಿನಲ್ಲಿ ಬಂದ ಗದ್ದೆಗೆ ಕ್ರಯಪತ್ರ ಬರೆಸಲು ಬರುವವರ ವಿಳಾಸಗಳು ಹೆಚ್ಚುಹೆಚ್ಚಾಗಿ ದೊಡ್ಡ ನಗರಗಳವು. ಮಾರುವವರನ್ನು ದೂರಲಾರೆ, ಭತ್ತದಲ್ಲಿ ಏನೂ ಹುಟ್ಟುವುದಿಲ್ಲ, ಮಕ್ಕಳು ಊರಲ್ಲಿಲ್ಲ. ಆದರೆ ಅರಸು ಹೆಸರು ಹೇಳುವ ಪಕ್ಷದವರು ಆಗ ಈ ತಿದ್ದುಪಡಿಯನ್ನು ವಿರೋಧಿಸಿದ್ದರು. ಆ ಕಲಂಗಳು ವಾಪಸು ಬರುತ್ತವೆಯೋ ಇಲ್ಲವೋ, ಬರುವುದಿಲ್ಲ ಎಂದಾದರೆ ಯಾಕೆ ಎಂದು ಸರಕಾರ ಬರಹದಲ್ಲಿ ಹೇಳಲಿ. ಇದಕ್ಕೆ ಆಗಸ್ಟ್ 20ರವರೆಗೆ ಕಾಯುವ ಅಗತ್ಯವೂ ಇಲ್ಲ.

ಮೇಲೆ ಹೇಳಿದ ನಾಪತ್ತೆ ಕಡತದ ಸ್ವೀಕೃತಿ ಚೀಟಿ ಮತ್ತು ಎರಡೂ ಹಿಂಬರಹಗಳ ನಕಲನ್ನು ಆ ಹೆಂಗಸಿನ ಒಪ್ಪಿಗೆ ಪಡೆದು ನಿಮ್ಮ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪ್ರತ್ಯೇಕವಾಗಿ ಕಳಿಸಿದ್ದೇನೆ. ದಯವಿಟ್ಟು ಮೊದಲು ಅದನ್ನು ಹುಡುಕಿಸಿ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ದಸ್ತಾವೇಜು ಬರಹಗಾರ
ಉಡುಪಿ